ವಾಹನ ಸಮಾಧಾನ: ಹಳೆಯ ಎಂಜಿಬಿಯಲ್ಲಿ ಆರದ ಕೆಂಪು ದೀಪ

ಪ್ರಶ್ನೆ: ಮಾನ್ಯರೇ, ನಾನು ಮೂಲತಃ ಶಿವಮೊಗ್ಗದವನು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿದ್ದೇನೆ. ನನ್ನ ಬಳಿ ಬ್ರಿಟಿಷ್ ಸ್ಪೋರ್ಟ್ಸ್ ಕಾರಾದ 1972ರ ಎಂಜಿಬಿ ರೋಡ್‌ಸ್ಟರ್ ಇದೆ. ಹಗಲು ಓಡಿಸುವಾಗ ಯಾವ ತೊಂದರೆಯೂ ಕಾಣುವುದಿಲ್ಲ. ಸಂಜೆ ಹೆಡ್‌ಲೈಟ್ ಹಾಕಿ ಹೀಟರಿನ ಫ್ಯಾನನ್ನೂ ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪ ಮಸುಕಾಗಿ ಉರಿಯತೊಡಗುತ್ತದೆ. ಎಂಜಿನ್ನಿನ ವೇಗ ಹೆಚ್ಚಿಸಿದರೂ ಅದು ಆರುವುದಿಲ್ಲ. ಗ್ಯಾರೇಜಿನವರು ಸೀಟಿನ ಹಿಂದಿರುವ 6 ವೋಲ್ಟಿನ ಎರಡೂ ಬ್ಯಾಟರಿಗಳನ್ನು ಬದಲಾಯಿಸಿದರು, ದೀಪ ಮಾತ್ರ ಹಾಗೆಯೇ ಇದೆ. ಈಗ ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರನ್ನೂ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಒಪ್ಪಬಹುದೇ? ನನ್ನಲ್ಲಿ ಒಂದು ಮಲ್ಟಿಮೀಟರ್ ಇದೆ, ಅದನ್ನು ಬಳಸಲು ಬರುತ್ತದೆ.

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನೀವು ವರ್ಣಿಸಿರುವ ಲಕ್ಷಣಗಳನ್ನು ನೋಡಿದರೆ ಆಲ್ಟರ್ನೇಟರ್ ಸರಿಯಾಗಿಯೇ ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು. ದೋಷ ಅದರಿಂದಾಚೆಗೆ, ಐವತ್ತು ವರ್ಷ ದಾಟಿದ ವಯರಿಂಗಿನ ಯಾವುದೋ ಒಂದು ಕೂಡಿಕೆಯಲ್ಲಿ ಇರಬಹುದು. ಹೀಗೆ ಹೇಳುವುದಕ್ಕೆ ಕಾರಣ ಆ ಕೆಂಪು ದೀಪವನ್ನು ಜೋಡಿಸಿರುವ ರೀತಿಯಲ್ಲೇ ಇದೆ.

ಆ ದೀಪ ಬ್ಯಾಟರಿಯ ಸ್ಥಿತಿಯನ್ನು ತಿಳಿಸುವುದಿಲ್ಲ. ಅದರ ಒಂದು ತುದಿಗೆ ಇಗ್ನಿಷನ್ ಸ್ವಿಚ್ಚಿನಿಂದ ಬರುವ ಬಿಳಿ ವಯರಿನ ಮೂಲಕ ಬ್ಯಾಟರಿಯ ವೋಲ್ಟೇಜ್ ದೊರೆಯುತ್ತದೆ. ಇನ್ನೊಂದು ತುದಿ, ಕಂದು ಬಣ್ಣದ ಮೇಲೆ ಹಳದಿ ಗೆರೆಯಿರುವ ವಯರಿನ ಮೂಲಕ, ಆಲ್ಟರ್ನೇಟರಿನ ಒಳಗಿನ ಮೂರು ಸಣ್ಣ ಫೀಲ್ಡ್ ಡಯೋಡುಗಳಿಗೆ (ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳಿಗೆ) ಸೇರುತ್ತದೆ. ಕೀಲಿ ತಿರುಗಿಸಿ ಎಂಜಿನ್ ಇನ್ನೂ ಚಾಲೂ ಆಗದಿದ್ದಾಗ, ಬ್ಯಾಟರಿಯಿಂದ ಹೊರಟ ಅಲ್ಪ ಪ್ರವಾಹ ದೀಪವನ್ನು ಹಾದು, ಆಲ್ಟರ್ನೇಟರಿನೊಳಗೆ ತಿರುಗುವ ರೋಟರಿನ ಸುರುಳಿಯ ಮೂಲಕ ಅರ್ತ್ (ಕಾರಿನ ಲೋಹದ ಬಾಡಿ) ಸೇರುತ್ತದೆ, ಆದ್ದರಿಂದ ದೀಪ ಪ್ರಕಾಶಮಾನವಾಗಿ ಉರಿಯುತ್ತದೆ. ಎಂಜಿನ್ ಓಡತೊಡಗಿ ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸಿದ ಕೂಡಲೇ ಎರಡೂ ತುದಿಗಳಲ್ಲಿ ವೋಲ್ಟೇಜ್ ಸಮನಾಗಿ ದೀಪ ಆರುತ್ತದೆ. ಎರಡು ಕೆರೆಗಳ ನೀರಿನ ಮಟ್ಟ ಒಂದೇ ಆಗಿದ್ದರೆ ನಡುವಿನ ಕಾಲುವೆಯಲ್ಲಿ ನೀರು ಹರಿಯದಂತೆ, ಇಲ್ಲಿಯೂ ಮಟ್ಟ ಸಮವಾದಾಗ ಪ್ರವಾಹ ನಿಲ್ಲುತ್ತದೆ. ಆದ್ದರಿಂದ ದೀಪ ಮಸುಕಾಗಿ ಉರಿಯುತ್ತಿದ್ದರೆ ಎರಡು ತುದಿಗಳ ನಡುವೆ ಒಂದೆರಡು ವೋಲ್ಟುಗಳ ವ್ಯತ್ಯಾಸವಿದೆ ಎಂಬುದಷ್ಟೇ ಖಚಿತ. ಯಾವ ತುದಿ ತಗ್ಗಿದೆ ಎಂಬುದನ್ನು ಅಳತೆ ಮಾಡಿಯೇ ತಿಳಿಯಬೇಕು.

ನಿಮ್ಮ ಕಾರಿನಲ್ಲಿ ವಿದ್ಯುತ್ ಭಾರ ಹೆಚ್ಚಾದಾಗ ಮಾತ್ರ ದೀಪ ಕಾಣಿಸಿಕೊಳ್ಳುತ್ತದೆ ಎಂಬುದು ಬಹಳ ಮುಖ್ಯವಾದ ಸುಳಿವು. ಸ್ಟಾರ್ಟರ್ ಸೊಲೆನಾಯ್ಡಿನಿಂದ (ಎಂಜಿನ್ ಚಾಲೂ ಮಾಡುವ ಮೋಟರಿನ ಸ್ವಿಚ್ಚಿನಿಂದ) ಹೊರಡುವ ಕಂದು ವಯರುಗಳೇ ಹೆಡ್‌ಲೈಟಿನ ಸ್ವಿಚ್ಚಿಗೂ ಇಗ್ನಿಷನ್ ಸ್ವಿಚ್ಚಿಗೂ ವಿದ್ಯುತ್ ಒಯ್ಯುತ್ತವೆ. ಇವುಗಳ ಕೂಡಿಕೆಗಳಲ್ಲಿ ಕಿಲುಬು ಹಿಡಿದಿದ್ದರೆ, ಹಗಲಿನ ಅಲ್ಪ ಪ್ರವಾಹಕ್ಕೆ ಅದು ಅಡ್ಡಿಯೆನಿಸುವುದಿಲ್ಲ. ಆದರೆ ಹೆಡ್‌ಲೈಟ್ ಮತ್ತು ಫ್ಯಾನುಗಳ ಪ್ರವಾಹ ಅದೇ ಹಾದಿಯಲ್ಲಿ ಹರಿಯತೊಡಗಿದಾಗ ಒಂದೂವರೆ ಎರಡು ವೋಲ್ಟುಗಳು ಅಲ್ಲಿಯೇ ಶಾಖವಾಗಿ ವ್ಯಯವಾಗುತ್ತವೆ. ಆಗ ಆಲ್ಟರ್ನೇಟರಿನ ಬದಿಯಲ್ಲಿ 14 ವೋಲ್ಟಿಗಿಂತ ಹೆಚ್ಚಿದ್ದರೂ ಬಿಳಿ ವಯರಿನ ಬದಿಯಲ್ಲಿ 12.5ರಷ್ಟೇ ಉಳಿಯಬಹುದು, ಪ್ರವಾಹ ಆಲ್ಟರ್ನೇಟರಿನಿಂದ ದೀಪದ ಮೂಲಕ ಹಿಮ್ಮುಖವಾಗಿ ಹರಿದು ತಂತುವನ್ನು ಕೆಂಪಗಾಗಿಸುತ್ತದೆ. ಬ್ಯಾಟರಿ ಬದಲಾಯಿಸಿದ್ದರಿಂದ ಪ್ರಯೋಜನವಾಗದಿರುವುದು ಇದೇ ಕಾರಣಕ್ಕಿರಬೇಕು.

ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಪರೀಕ್ಷೆ ಆರಂಭಿಸಿ. ಎಂಜಿನ್ನಿನ ತಿರುಗುವ ಫ್ಯಾನಿನ ಬಳಿ ಕೈ ಹಾಗೂ ಬಟ್ಟೆಯ ಬಗ್ಗೆ ಎಚ್ಚರವಿರಲಿ. ಮೊದಲು ಫ್ಯಾನ್ ಬೆಲ್ಟ್ ನೋಡಿ: ಅತಿ ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅದು ಸುಮಾರು 13 ಮಿಲಿಮೀಟರ್, ಅಂದರೆ ಅರ್ಧ ಇಂಚು, ಬಾಗಬೇಕು. ಅನಂತರ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. ಎರಡನ್ನೂ ಸರಣಿಯಲ್ಲಿ ಜೋಡಿಸಿರುವುದರಿಂದ ಒಟ್ಟು ವೋಲ್ಟೇಜನ್ನು ನೋಡಬೇಕು. ಎಂಜಿನ್ ನಿಂತಿರುವಾಗ, ಪೂರ್ಣ ಚಾರ್ಜ್ ಆಗಿದ್ದರೆ, 12.6 ವೋಲ್ಟಿನ ಆಸುಪಾಸು ಇರಬೇಕು. ಎಂಜಿನ್ ನಿಮಿಷಕ್ಕೆ 2,000 ಸುತ್ತುಗಳ ವೇಗದಲ್ಲಿರುವಾಗ 14ರಿಂದ 14.5ರ ನಡುವೆ ಬಂದರೆ ಆಲ್ಟರ್ನೇಟರ್ ಮತ್ತು ಅದರೊಳಗೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಬಹುಮಟ್ಟಿಗೆ ಆರೋಗ್ಯವಾಗಿವೆ. 13ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಆಗುತ್ತಿಲ್ಲ, 15ನ್ನು ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ.

ಮುಂದಿನದು ನಿರ್ಣಾಯಕ ಪರೀಕ್ಷೆ, ಇದನ್ನು ಆತುರಪಡದೆ ಮಾಡಿ. ಹೆಡ್‌ಲೈಟ್ ಮತ್ತು ಹೀಟರಿನ ಫ್ಯಾನ್ ಎರಡನ್ನೂ ಹಾಕಿ, ಎಂಜಿನ್ನನ್ನು ಅದೇ ವೇಗದಲ್ಲಿಟ್ಟು, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ಕಂದು ವಯರಿನ ತುದಿಗೆ ತಾಗಿಸಿ, ಇನ್ನೊಂದನ್ನು ಎಂಜಿನ್ ಕೋಣೆಯ ಫ್ಯೂಸ್ ಬಾಕ್ಸಿನಲ್ಲಿ ಬಿಳಿ ವಯರು ಬರುವ ತುದಿಗೆ ತಾಗಿಸಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ನಾನು ಹೇಳಿದ ನಷ್ಟ ನಿಜವೆಂದಾಯಿತು. ಈಗ ಮೊದಲ ಕಡ್ಡಿಯನ್ನು ಅಲ್ಲಿಯೇ ಇಟ್ಟುಕೊಂಡು ಎರಡನೆಯದನ್ನು ಹಾದಿಯುದ್ದಕ್ಕೂ ಸರಿಸುತ್ತ ಬನ್ನಿ: ಮೊದಲು ಸೊಲೆನಾಯ್ಡಿನ ಕಂದು ವಯರುಗಳ ತುದಿ, ಅನಂತರ ಇಗ್ನಿಷನ್ ಸ್ವಿಚ್ಚಿಗೆ ಹೋಗುವ ಕಂದು ವಯರು, ಬಳಿಕ ಸ್ವಿಚ್ಚಿನಿಂದ ಹೊರಬರುವ ಬಿಳಿ ವಯರು. ಯಾವ ಎರಡು ಬಿಂದುಗಳ ನಡುವೆ ಅಂಕಿ ಒಮ್ಮೆಲೇ ಜಿಗಿಯುತ್ತದೆಯೋ ದೋಷ ಅಲ್ಲಿಯೇ ಇದೆ. ಸ್ವಿಚ್ಚಿಗೆ ಹೋಗುವ ಕಂದು ಮತ್ತು ಹೊರಬರುವ ಬಿಳಿ ವಯರುಗಳ ನಡುವೆ ಜಿಗಿದರೆ ಸ್ವಿಚ್ಚಿನ ಒಳಗಿನ ಸಂಪರ್ಕಗಳು ಸವೆದಿವೆ ಎಂದರ್ಥ.

ಕೂಡಿಕೆಯನ್ನು ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ ಬ್ಯಾಟರಿಯ ಅರ್ತ್ ಕೇಬಲನ್ನು ತೆಗೆಯಲೇಬೇಕು, ಏಕೆಂದರೆ ಕಂದು ವಯರುಗಳಿಗೆ ಫ್ಯೂಸಿನ ರಕ್ಷಣೆಯಿಲ್ಲ ಮತ್ತು ಅವುಗಳಲ್ಲಿ ಸದಾ ವಿದ್ಯುತ್ ಇರುತ್ತದೆ. ಲೋಹದ ಚಪ್ಪಟೆ ತುದಿಗಳನ್ನು ನಯವಾದ ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಸಡಿಲವಾದ ಕನೆಕ್ಟರುಗಳನ್ನು ಇಕ್ಕಳದಿಂದ ಮೆಲ್ಲಗೆ ಬಿಗಿಗೊಳಿಸಿ. ಪ್ಲಾಸ್ಟಿಕ್ ಹೊದಿಕೆ ಕಂದಿ ಕರಗಿದಂತಿದ್ದರೆ ಆ ಕನೆಕ್ಟರನ್ನು ಉಳಿಸಿಕೊಳ್ಳಬೇಡಿ, ಹೊಸದನ್ನೇ ಹಾಕಿ. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿಯನ್ನೂ ಇದೇ ಸಂದರ್ಭದಲ್ಲಿ ನೋಡಿ. ಎಂಜಿನ್ ಇಳಿಸಿ ಏರಿಸಿದ ಕಾರುಗಳಲ್ಲಿ ಅದನ್ನು ಮರುಜೋಡಿಸಲು ಮರೆತಿರುವುದು ಅಪರೂಪವಲ್ಲ. ಹಾಗಾದಾಗ ಸ್ಟಾರ್ಟರಿನ ಭಾರಿ ಪ್ರವಾಹ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲಿನ ಮೂಲಕ ದಾರಿ ಹುಡುಕಿಕೊಂಡು ಅದನ್ನು ಸುಡುತ್ತದೆ.

ವಯರಿಂಗಿನಲ್ಲಿ ನಷ್ಟವೇ ಕಾಣದಿದ್ದರೆ ಮಾತ್ರ ಆಲ್ಟರ್ನೇಟರಿನ ಡಯೋಡುಗಳನ್ನು ಸಂಶಯಿಸಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಅಳೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡು ಕೆಟ್ಟಿರುವ ಸಂಭವವಿದೆ. ಕೀಲಿ ತೆಗೆದ ಮೇಲೂ ದೀಪ ಮಸುಕಾಗಿ ಉರಿಯುತ್ತಿದ್ದರೆ ಮುಖ್ಯ ಡಯೋಡೊಂದು ಶಾರ್ಟ್ ಆಗಿದೆ ಎಂದು ತಿಳಿಯಬೇಕು. ಅಂಥ ಕಾರಿನ ಬ್ಯಾಟರಿ ರಾತ್ರಿ ಕಳೆಯುವುದರಲ್ಲಿ ಬರಿದಾಗಬಹುದಾದ್ದರಿಂದ ಅರ್ತ್ ಕೇಬಲನ್ನು ತೆಗೆದಿಡಿ. ಈ ಎರಡು ಲಕ್ಷಣಗಳಲ್ಲಿ ಒಂದು ಕಂಡುಬಂದರೆ ನಿಮ್ಮ ಗ್ಯಾರೇಜಿನವರ ಸಲಹೆ ಸರಿ. ಆಗಲೂ ಹೊಸದನ್ನು ಕೊಳ್ಳುವ ಮೊದಲು ಈಗಿರುವುದನ್ನೇ ಬಿಚ್ಚಿ ದುರಸ್ತಿ ಮಾಡಿಕೊಡುವ ಆಟೋ ಎಲೆಕ್ಟ್ರಿಷಿಯನ್ ಸಿಗುತ್ತಾರೆಯೇ ನೋಡಿ. ನಿಮ್ಮ ಕಾರಿನಲ್ಲಿರುವಂಥ ಲೂಕಾಸ್ ಎಸಿಆರ್ ಸರಣಿಯ ಆಲ್ಟರ್ನೇಟರುಗಳು ದುರಸ್ತಿಗೆ ಚೆನ್ನಾಗಿ ಒಗ್ಗುತ್ತವೆ.

ಇನ್ನೊಂದು ಎಚ್ಚರಿಕೆ. ರಸ್ತೆಯಲ್ಲಿ ಹೋಗುವಾಗ ದೀಪ ಮಸುಕಾಗಿ ಅಲ್ಲದೆ ಪೂರ್ಣ ಪ್ರಕಾಶದಿಂದ ಉರಿದರೆ ಕೂಡಲೇ ಬದಿಗೆ ನಿಲ್ಲಿಸಿ ಬೆಲ್ಟ್ ನೋಡಿ. ಈ ಎಂಜಿನ್ನಿನಲ್ಲಿ ನೀರಿನ ಪಂಪನ್ನೂ ಅದೇ ಬೆಲ್ಟ್ ತಿರುಗಿಸುವುದರಿಂದ, ಅದು ತುಂಡಾಗಿದ್ದರೆ ಎಂಜಿನ್ ಕಾದು ಸಿಲಿಂಡರ್ ಹೆಡ್ ಹಾಳಾಗಲು ಹೆಚ್ಚು ಹೊತ್ತು ಬೇಡ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನನ್ನ 1979ರ ಎಂಜಿಬಿಯಲ್ಲಿ ಕೀಲಿ ತಿರುಗಿಸಿದಾಗ ಕೆಂಪು ದೀಪ ತೀರ ಕ್ಷೀಣವಾಗಿ ಉರಿಯುತ್ತದೆ. ಎಂಜಿನ್ ಚಾಲೂ ಆದ ಮೇಲೆ ಬ್ಯಾಟರಿಯಲ್ಲಿ 12.3 ವೋಲ್ಟ್ ಮಾತ್ರ ಇರುತ್ತದೆ. ಒಮ್ಮೆ ಆಕ್ಸಿಲರೇಟರನ್ನು ಜೋರಾಗಿ ಒತ್ತಿದರೆ 14ಕ್ಕೆ ಏರಿ ಅಲ್ಲಿಯೇ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿಸಿದ ನಂತರ ಹೀಗಾಗಿದೆ. ಇದು ಕಾಕತಾಳೀಯವೇ?

ಉತ್ತರ: ಕಾಕತಾಳೀಯವಲ್ಲ, ಕಾರಣ ಎಲ್‌ಇಡಿಯೇ. ಮೇಲಿನ ಉತ್ತರದಲ್ಲಿ ಹೇಳಿದಂತೆ ರೋಟರಿಗೆ ಆರಂಭದ ಕಾಂತಶಕ್ತಿ ದೊರೆಯುವುದು ಈ ದೀಪದ ಮೂಲಕವೇ. ಕಾರ್ಖಾನೆಯಲ್ಲಿ ಹಾಕಿದ 2.2 ವಾಟಿನ ಬಲ್ಬು ಸುಮಾರು 180 ಮಿಲಿಆಂಪಿಯರ್ ಪ್ರವಾಹವನ್ನು ಬಿಡುತ್ತದೆ, ಎಲ್‌ಇಡಿ ಬಿಡುವುದು ಅದರ ಒಂದು ಸಣ್ಣ ಅಂಶ. ಹೀಗಾಗಿ ಆಲ್ಟರ್ನೇಟರ್ ತನ್ನಲ್ಲಿ ಉಳಿದಿರುವ ಅಲ್ಪ ಕಾಂತತ್ವವನ್ನೇ ನಂಬಿ, ವೇಗ ಹೆಚ್ಚಿದಾಗ ಮಾತ್ರ ಎಚ್ಚರಗೊಳ್ಳುತ್ತದೆ. ಎಲ್‌ಇಡಿಯನ್ನೇ ಇಟ್ಟುಕೊಳ್ಳುವುದಾದರೆ ಅದಕ್ಕೆ ಸಮಾನಾಂತರವಾಗಿ 68 ಓಮ್, 5 ವಾಟಿನ ರೆಸಿಸ್ಟರ್ ಒಂದನ್ನು ಜೋಡಿಸಬಹುದು. ಆದರೆ ಈ ಒಂದು ಜಾಗಕ್ಕೆ ಹಳೆಯ ಬಲ್ಬನ್ನೇ ಮರಳಿ ಹಾಕಿ ಎಂಬುದು ನನ್ನ ಸಲಹೆ. ಎಲ್‌ಇಡಿಯಲ್ಲಿ ಪ್ರವಾಹ ಒಂದೇ ದಿಕ್ಕಿಗೆ ಹರಿಯುವುದರಿಂದ, ರೆಡಿಂಗಿನ ಓದುಗರಿಗೆ ಹಿಮ್ಮುಖ ಪ್ರವಾಹದಿಂದ ಸಿಕ್ಕಿರುವಂಥ ಮಸುಕು ಬೆಳಕಿನ ಸೂಚನೆ ನಿಮಗೆ ಎಂದಿಗೂ ಸಿಗುವುದಿಲ್ಲ.

ಬಲ್ಬು ಹಾಕಿದ ಮೇಲೂ ದೀಪ ಉರಿಯದಿದ್ದರೆ, ಬ್ಯಾಟರಿಯ ಕೇಬಲ್ ತೆಗೆದು, ಆಲ್ಟರ್ನೇಟರಿನ ಪ್ಲಗ್ ಕಳಚಿ, ಕೇಬಲ್ ಮರಳಿ ಜೋಡಿಸಿ, ಕೀಲಿ ತಿರುಗಿಸಿ ಕಂದು-ಹಳದಿ ವಯರಿನ ತುದಿಯನ್ನು ಮಾತ್ರ ಎಂಜಿನ್ನಿನ ಲೋಹಕ್ಕೆ ತಾಗಿಸಿ. ದಪ್ಪ ಕಂದು ವಯರಿನ ತುದಿ ಎಲ್ಲಿಯೂ ತಾಗಕೂಡದು. ದೀಪ ಉರಿದರೆ ವಯರಿಂಗ್ ಸರಿಯಿದೆ. ಕಾರ್ಬನ್ ಬ್ರಷ್, ರೋಟರ್ ಅಥವಾ ರೆಗ್ಯುಲೇಟರ್ ಕೆಟ್ಟಿದೆ. ಉರಿಯದಿದ್ದರೆ ವಯರು ಅಥವಾ ಬಲ್ಬಿನ ಹೋಲ್ಡರ್ ನೋಡಿ.

ಪ್ರಶ್ನೆ: ನಮ್ಮದು 1964ರ ಎಂಜಿಬಿ, ಆಲ್ಟರ್ನೇಟರಿನ ಬದಲು ಡೈನಮೋ ಇರುವ ಕಾರು. ಎಂಜಿನ್ ನಿಧಾನವಾಗಿ ಓಡುವಾಗ ಕೆಂಪು ದೀಪ ಮಿನುಗುತ್ತದೆ. ಇದು ದೋಷವೇ?

ಉತ್ತರ: ಐಡ್ಲಿಂಗಿನಲ್ಲಿ ಮಿನುಗಿ, ವೇಗ ಸ್ವಲ್ಪ ಹೆಚ್ಚಿಸಿದಾಗ ಆರುವುದಾದರೆ ದೋಷವಲ್ಲ. ಡೈನಮೋ ಕಡಿಮೆ ವೇಗದಲ್ಲಿ ಬ್ಯಾಟರಿಯಷ್ಟು ವೋಲ್ಟೇಜ್ ಉತ್ಪಾದಿಸಲಾರದು. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಲೂಕಾಸ್ ಸಿ40 ಡೈನಮೋ ಇದ್ದು, ಅದರ ಗರಿಷ್ಠ ಸಾಮರ್ಥ್ಯವೇ 22 ಆಂಪಿಯರ್.

ವೇಗ ಹೆಚ್ಚಿಸಿದರೂ ದೀಪ ಆರದಿದ್ದರೆ, ಮೊದಲು ಬೆಲ್ಟ್ ನೋಡಿ, ಅನಂತರ ಡೈನಮೋವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ. ಅದರ ಎರಡೂ ವಯರುಗಳನ್ನು ತೆಗೆದು, ಡೈನಮೋದ ಎರಡು ತುದಿಗಳನ್ನು ಒಂದು ತುಂಡು ವಯರಿನಿಂದ ಸೇರಿಸಿ, ಅದಕ್ಕೂ ಕಾರಿನ ಬಾಡಿಗೂ ನಡುವೆ ಮೀಟರ್ ಹಿಡಿಯಿರಿ. ನಿಮ್ಮ ಕಾರು ಪಾಸಿಟಿವ್ ಅರ್ತ್ ಆಗಿಯೇ ಉಳಿದಿದ್ದರೆ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಯನ್ನು ಸೇರಿದ್ದರೆ, ಮೀಟರಿನ ಕೆಂಪು ಕಡ್ಡಿಯನ್ನು ಬಾಡಿಯ ಲೋಹಕ್ಕೆ ತಾಗಿಸಬೇಕು. ಎಂಜಿನ್ ವೇಗವನ್ನು ಮೆಲ್ಲಗೆ 1,000 ಸುತ್ತಿನತ್ತ ಏರಿಸಿದಾಗ ಅಂಕಿ ತಡವರಿಸದೆ ಏರಬೇಕು, 20 ವೋಲ್ಟನ್ನು ದಾಟಲು ಬಿಡಬೇಡಿ. ಅಂಕಿಯೇ ಬಾರದಿದ್ದರೆ ಬ್ರಷ್ ನೋಡಿ. 1 ವೋಲ್ಟಿನ ಸುಮಾರಿಗೆ ನಿಂತರೆ ಫೀಲ್ಡ್ ಸುರುಳಿಯಲ್ಲಿ, 5ರ ಸುಮಾರಿಗೆ ನಿಂತರೆ ಆರ್ಮೇಚರಿನಲ್ಲಿ (ಡೈನಮೋದೊಳಗೆ ತಿರುಗುವ ಭಾಗದಲ್ಲಿ) ದೋಷವಿದೆ. ಅಂಕಿ ಸರಿಯಾಗಿ ಏರಿದರೆ ಡೈನಮೋ ಚೆನ್ನಾಗಿದೆ, ನೋಡಬೇಕಾದದ್ದು ಡೈನಮೋದ ವೋಲ್ಟೇಜನ್ನು ನಿಯಂತ್ರಿಸುವ ಕಂಟ್ರೋಲ್ ಬಾಕ್ಸ್ ಮತ್ತು ಅದಕ್ಕೆ ಹೋಗುವ ವಯರುಗಳನ್ನು.