ದಾವಣಗೆರೆಯಲ್ಲಿ ಕಾರಿನ ಗೇರ್ ನಾಬ್‌ಗೆ (ಗೇರ್ ಕಡ್ಡಿಯ ತುದಿಯ ಹಿಡಿಗೆ) ಹೊಸ ಲೆದರ್ ಹಾಕಿಸಬೇಕು, ಹಳೆಯದು ಸಿಪ್ಪೆ ಎದ್ದಿದೆ. ರೆಡಿಮೇಡ್ ಕವರ್ ತಗೊಳ್ಳಲಾ, ಸೀಟ್ ಕವರ್ ಅಂಗಡಿಗೆ ಕೊಡಲಾ?

ಎರಡೂ ಬೇಡ, ನೀವೇ ಹೊಲಿಯಿರಿ. ಆದರೆ ಮೊದಲು ನನ್ನ ಪಾಡು ಕೇಳಿ.

ನನ್ನ ಹಳೇ ಐ10ನ ನಾಬ್ ಕೂಡ ಹೀಗೇ ಸಿಪ್ಪೆ ಎದ್ದಿತ್ತು. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ಸಂಜೆ ಕೈಯಿಟ್ಟರೆ ಅಂಗೈ ತುಂಬ ಕಪ್ಪು ಪುಡಿ. ಚಪ್ಪಲಿ ಹೊಲಿಯುವವರೊಬ್ಬರು ತೆಳ್ಳನೆಯ ಮೇಕೆ ಚರ್ಮದ ತುಂಡು ಕೊಟ್ಟರು. ಅಲ್ಲಿವರೆಗೂ ಸರಿಯಿತ್ತು.

ಆ ಕಾರಲ್ಲಿ ನಾಬ್ ಕೆಳಗೆ ಒಂದು ಉಂಗುರ ಇರುತ್ತದೆ. ಬೆರಳಲ್ಲಿ ಅದನ್ನು ಮೇಲೆತ್ತಿದರೆ ಮಾತ್ರ ರಿವರ್ಸ್ ಬೀಳುತ್ತದೆ. ಉಂಗುರ ಮೇಲೇಳಬೇಕಾದರೆ ನಾಬ್‌ಗೂ ಅದಕ್ಕೂ ನಡುವೆ ಚೂರು ಸಂದು ಬೇಕೇ ಬೇಕು. ಆ ಸಂದು ನನ್ನ ಕಣ್ಣಿಗೆ ಹಲ್ಲು ಬಿದ್ದ ಬಾಯಿ ಥರ ಕಂಡಿತು. ಚರ್ಮವನ್ನು ಉಂಗುರದ ಮೇಲೂ ಎಳೆದು, ಚಪ್ಪಲಿಗೆ ಹಾಕುವ ಹಳದಿ ಅಂಟು ಬಳಿದು ಒತ್ತಿಬಿಟ್ಟೆ. ನೋಡೋಕೆ ಏನು ಚಂದ! ಒಂದರಿಂದ ಐದರವರೆಗೂ ಹಾಕಿ ನೋಡಿದೆ, ಬೆಣ್ಣೆ ಥರ ಬಿದ್ದವು. ರಿವರ್ಸ್ ಒಂದನ್ನು ನೋಡಲಿಲ್ಲ. ಮನೆ ಮುಂದೆ ಕಾರು ರಸ್ತೆ ಕಡೆಗೇ ಮುಖ ಮಾಡಿ ನಿಂತಿತ್ತು, ಹಿಂದೆ ತೆಗೆಯುವ ಪ್ರಶ್ನೆಯೇ ಬರಲಿಲ್ಲ.

ಬಂದದ್ದು ಮಂಡಿಪೇಟೆಯ ಗಲ್ಲಿಯಲ್ಲಿ. ಮುಂದೆ ಗೋಡೆ, ಹಿಂದೆ ಹಾರ್ನ್ ಹೊಡೆಯುತ್ತಿರುವ ಲಗೇಜ್ ಆಟೋ. ಉಂಗುರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನ್ಯೂಟ್ರಲ್ ಮಾಡಿ ಕೂತೆ, ನಾಲ್ಕು ಜನ ಹಮಾಲರು ತಳ್ಳಿದರು. "ಏನ್ ಸಾರ್, ಹಿಂದಕ್ಕೆ ಹೋಗೋ ಗೇರ್ ಬಿಟ್ಟು ಗಾಡಿ ತಗೊಂಡ್ರಾ?" ಅಂದರು. ಮನೆಗೆ ಬಂದು ಬ್ಲೇಡಿನಿಂದ ಬಿಡಿಸಲು ಹೋಗಿ ಉಂಗುರದ ಅಂಚೂ ಮುರಿಯಿತು. ಇಡೀ ನಾಬ್ ಹೊಸದು ತರಬೇಕಾಯಿತು.

ಎರಡನೇ ಸಲ ಅಂಟು ಮುಟ್ಟಲಿಲ್ಲ. ನಾಬ್‌ಗೆ ಮಾಸ್ಕಿಂಗ್ ಟೇಪ್ ಸುತ್ತಿ, ಸೀಳಿ ಬಿಡಿಸಿ, ಅದನ್ನೇ ಅಳತೆ ಮಾಡಿಕೊಂಡೆ. ಚರ್ಮ ಹಿಗ್ಗುತ್ತದೆ, ಹಾಗಾಗಿ ಅಂಚಲ್ಲಿ ಒಂದೆರಡು ಮಿಲಿಮೀಟರ್ ಕಮ್ಮಿ ಕತ್ತರಿಸಿದೆ. ಎರಡೂ ಬದಿಗೆ ಲೆಕ್ಕಕ್ಕೆ ಸರಿಯಾಗಿ ತೂತು, ಮೇಣ ಹಚ್ಚಿದ ದಾರ, ಎರಡು ಸೂಜಿ. ಹೊಲಿಗೆ ಡ್ರೈವರ್ ಸೀಟಿನ ಕಡೆ ಬರದೆ ಆಚೆ, ಡ್ಯಾಶ್‌ಬೋರ್ಡ್ ಕಡೆಗೆ ಬರಲಿ. ಎರಡು ಸಂಜೆ ಹಿಡಿಯಿತು, ಇವತ್ತಿಗೂ ಸಡಿಲ ಆಗಿಲ್ಲ.

ರೆಡಿಮೇಡ್ ಕವರ್ ಕೈಯಲ್ಲೇ ತಿರುಗುತ್ತೆ ಸ್ವಾಮಿ, ಅದಕ್ಕಿಂತ ಸಿಪ್ಪೆ ಎದ್ದ ನಾಬೇ ವಾಸಿ. ಅಂಗಡಿಯವರು ಹೆಚ್ಚಾಗಿ ರೆಕ್ಸಿನ್ನೇ ಸುತ್ತೋದು, ಎರಡು ಬೇಸಿಗೆ ಕಳೆದರೆ ಮತ್ತೆ ಇದೇ ಪ್ರಶ್ನೆ ಕೇಳ್ತೀರಿ.

ನಿಮ್ಮದು ಯಾವ ಕಾರು ಅಂತ ಬರೆದಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ಉಂಗುರ ಇರಲ್ಲ, ನಾಬನ್ನೇ ಕೆಳಗೆ ಒತ್ತಿ ರಿವರ್ಸ್ ಹಾಕೋದು. ಅಲ್ಲೂ ಕೆಳಗಡೆ ಚರ್ಮ ದಪ್ಪ ಮಡಚಬೇಡಿ, ಒತ್ತೋಕೆ ಜಾಗ ಸಾಲಲ್ಲ.