ಒರೆಸಿದರೂ ಹೋಗದ ಫ್ರಿಜ್ ವಾಸನೆ

ಪ್ರಶ್ನೆ: ಫ್ರಿಜ್‌ನ ಒಳಗೆಲ್ಲ ಒರೆಸಿದರೂ ಹುಳಿ ವಾಸನೆ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ವಾಸನೆ ಬಹುಶಃ ಹಿಂಬದಿಯಿಂದ ಬರುತ್ತಿದೆ. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಕರಗಿದ ಮಂಜುಗಡ್ಡೆಯ ನೀರು ಕೊಳವೆಯಲ್ಲಿ ಇಳಿದು, ಹಿಂದೆ ಕಂಪ್ರೆಸರ್ ಬಳಿಯ ತಟ್ಟೆಗೆ ಬೀಳುತ್ತದೆ. ಉಕ್ಕಿದ ದೋಸೆ ಹಿಟ್ಟು, ಚೆಲ್ಲಿದ ಹಾಲು ಅದರೊಂದಿಗೆ ಸೇರಿದರೆ ಕಂಪ್ರೆಸರ್ ಕಾವಿಗೆ ಅಲ್ಲೇ ಕೊಳೆತು, ಲೋಳೆಗಟ್ಟುತ್ತದೆ. ಪ್ಲಗ್ ತೆಗೆದು, ತಟ್ಟೆ ಕಳಚಿ ಸೋಪಿನ ನೀರಲ್ಲಿ ತೊಳೆಯಿರಿ. ಕಳಚದಿದ್ದರೆ ಬಟ್ಟೆಯಿಂದ ಒರೆಸಿ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 2 ಚಮಚ ಅಡುಗೆ ಸೋಡಾ ಕದಡಿ, ಸೂಜಿಯಿಲ್ಲದ ಸಿರಿಂಜಿನಿಂದ ಕೊಳವೆಯ ತೂತಿಗೆ ಸ್ವಲ್ಪಸ್ವಲ್ಪವೇ ಬಿಡಿ. ತಂತಿ ಚುಚ್ಚಲೇಬೇಡಿ, ಕೊಳವೆ ಹರಿದೀತು. ಬಾಗಿಲಿನ ರಬ್ಬರ್ ಮಡಿಕೆ ಬಿಡಿಸಿ ನೋಡಿ: ಕಪ್ಪು ಬೂಷ್ಟಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ಅದೇ ಸೋಡಾ ನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಹಿಟ್ಟನ್ನು ಪಾತ್ರೆಯ ಅರ್ಧಕ್ಕಷ್ಟೇ ತುಂಬಿ, ಮುಚ್ಚಿಡಿ.