ಅಕ್ಕೋರು ಬರೆದುಕೊಟ್ಟ ಹುಟ್ಟಿದ ದಿನ

ಪ್ರಶ್ನೆ: ನಮ್ಮ ಅಜ್ಜಿ ಮೂವತ್ತಾರು ವರ್ಷ ಕನ್ನಡ ಶಾಲೆಯ ಶಿಕ್ಷಕಿಯಾಗಿದ್ದವರು. ತೀರಿಕೊಂಡು ವರ್ಷವಾಗುತ್ತ ಬಂತು. ಪುಣ್ಯಸ್ಮರಣೆಗೆ ಬಂದವರಿಗೆ ಹಂಚಲು ಒಂದು ಸಣ್ಣ ಪುಸ್ತಿಕೆ ಮಾಡೋಣವೆಂದು ಮನೆಮಂದಿಯಿಂದ ಲೇಖನ ಬರೆಸಿದೆ. ಹನ್ನೊಂದು ಬಂದಿವೆ. ಹನ್ನೊಂದರಲ್ಲೂ ‘ಆದರ್ಶ ಶಿಕ್ಷಕಿ’, ‘ಮಮತೆಯ ಮೂರ್ತಿ’, ‘ತುಂಬಲಾರದ ನಷ್ಟ’. ಎಲ್ಲಿ ಹುಡುಕಿದರೂ ಅಜ್ಜಿ ಸಿಗುವುದಿಲ್ಲ. ನಿಜ ಹೇಳಬೇಕೆಂದರೆ ಅವರು ಸಿಟ್ಟಿನವರು, ಕೋಲಿಲ್ಲದೆ ತರಗತಿಗೆ ಕಾಲಿಟ್ಟವರಲ್ಲ. ಅದನ್ನೆಲ್ಲ ಬರೆಯಕೂಡದೆಂದು ದೊಡ್ಡಪ್ಪ ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಆ ಹನ್ನೊಂದರ ಜೊತೆ ನನ್ನದೂ ಒಂದು ಸೇರಿಸಿಕೊಳ್ಳಿ. ನನ್ನ ಅಜ್ಜಿ ಹೋದಾಗ ನಾನು ಬರೆದ ಎರಡು ಪುಟದಲ್ಲಿ ‘ಜ್ಞಾನದೀವಿಗೆ’ ಎರಡು ಸಲ ಉರಿದಿತ್ತು. ಅವರು ಇದ್ದಿದ್ದರೆ ಕೆಂಪು ಶಾಯಿಯಲ್ಲಿ ಗೀಚಿ, ‘ದೀವಿಗಿ ಯಾಕ, ಕರೆಂಟ್ ಇಲ್ಲೇನ?’ ಎಂದು ಕೇಳುತ್ತಿದ್ದರು.

ನಮ್ಮ ಕಡೆ ತಾಯಿ ಅವ್ವ, ಅಜ್ಜಿ ಅಮ್ಮ. ಊರಿಗೆಲ್ಲ ಆಕೆ ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ. ಸವಣೂರು ತಾಲ್ಲೂಕಿನ ಹಳ್ಳಿ. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ತನಕ ಧಾರವಾಡ ಜಿಲ್ಲೆ. ಅಮ್ಮ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ 1954ರಲ್ಲಿ, ಹದಿನೆಂಟನೇ ವಯಸ್ಸಿಗೆ ನೌಕರಿಗೆ ಸೇರಿದಾಗ ಆ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಿವೃತ್ತಿ 1994ರಲ್ಲಿ, ಐವತ್ತೆಂಟಕ್ಕೆ. ನನ್ನ ಮೊದಲ ಬರಹದಲ್ಲಿ ಇಷ್ಟು ಇತ್ತು, ಮಿಕ್ಕಿದ್ದು ದೀವಿಗೆ.

ಆಮೇಲೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಬರೆಯುವುದನ್ನು ಬಿಟ್ಟು ಬಸ್ ಹತ್ತಿದ್ದು. ಅವರು ಮೊದಲು ಕಲಿಸಿದ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್ ನೋಡಬಹುದೇ ಎಂದು ಕೇಳಿದೆ. ಈ ಪುಸ್ತಕವನ್ನು ಶಾಲೆಗಳು ಕಾಯಂ ಇಟ್ಟಿರುತ್ತವೆ, ರದ್ದಿಗೆ ಹಾಕುವಂತಿಲ್ಲ. ಮುಖ್ಯ ಗುರುಗಳು ಕಪಾಟಿನ ತಳದಿಂದ ತೆಗೆದು, ಧೂಳು ಕೊಡವಿ, ಎದುರಿಗೆ ಇಟ್ಟರು.

ಹಳೇ ರಿಜಿಸ್ಟರ್ ಓದಿದವರಿಗೆ ಗೊತ್ತು: ಹುಟ್ಟಿದ ದಿನಾಂಕದ ಕಾಲಂನಲ್ಲಿ ಮೇಲಿಂದ ಕೆಳಗೆ ಜೂನ್ 1, ಜೂನ್ 1, ಜೂನ್ 1. ಜೂನ್‌ನಲ್ಲಿ ಶಾಲೆ ಶುರು, ಅಪ್ಪನಿಗೆ ಮಗ ಹುಟ್ಟಿದ ತಾರೀಖು ಗೊತ್ತಿಲ್ಲ, ಮಾಸ್ತರರಿಗೆ ಪುರುಸೊತ್ತಿಲ್ಲ. ಅರ್ಧ ಕರ್ನಾಟಕ ಹೀಗೆ ಒಂದೇ ದಿನ ಹುಟ್ಟಿದೆ. ಅಮ್ಮನ ಅಕ್ಷರ ಶುರುವಾಗುವ ಪುಟದಲ್ಲಿ ಮಾತ್ರ ತಾರೀಖುಗಳು ಚದುರಿಕೊಂಡಿದ್ದವು. ಆಗಸ್ಟ್, ಅಕ್ಟೋಬರ್, ಜನವರಿ. ಇದೇನು ಎಂದು ಊರಲ್ಲಿ ವಿಚಾರಿಸಿದಾಗ ಗೊತ್ತಾಯಿತು: ಮಗುವನ್ನು ಶಾಲೆಗೆ ಹಚ್ಚಲು ಬಂದ ಅಪ್ಪನನ್ನು ಅಮ್ಮ ತಿರುಗಿ ಕಳಿಸಿ ತಾಯಿಯನ್ನು ಕರೆಸುತ್ತಿದ್ದರಂತೆ. ‘ಯಾವ ಮಳ್ಯಾಗ ಹಡದಿ?’ ಎಂದು ಕೇಳುತ್ತಿದ್ದರಂತೆ. ಮಿರಗ (ಮೃಗಶಿರಾ ಮಳೆ) ಅಂದರೆ ಜೂನ್ ಎರಡನೇ ವಾರ, ಆರಿದ್ರಾ ಅಂದರೆ ಇಪ್ಪತ್ತೆರಡರ ಮೇಲೆ, ಹಸ್ತ ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹತ್ತರ ತನಕ. ಮಳೆ ಇಲ್ಲದ ತಿಂಗಳಾದರೆ ಹಬ್ಬ, ಸುಗ್ಗಿ, ಜಾತ್ರೆ. ತಾಯಂದಿರಿಗೆ ತಾರೀಖು ಗೊತ್ತಿರಲಿಲ್ಲ ನಿಜ, ಆದರೆ ಹೊಲದಲ್ಲಿ ಏನು ನಡೆದಿತ್ತು ಎಂಬುದನ್ನು ಒಬ್ಬಳೂ ಮರೆತಿರಲಿಲ್ಲ.

ಇದರ ಫಲ ತಿಂದವರೊಬ್ಬರು ಸಿಕ್ಕರು. ಲೈನ್‌ಮನ್ ಆಗಿ ನಿವೃತ್ತರಾದವರು, 1954ರಲ್ಲಿ ಅಮ್ಮ ಹೆಸರು ಹಚ್ಚಿಕೊಂಡ ಮೊದಲ ತಂಡ. ಅವರ ತಾರೀಖು 5–10–1947. ಆಗ ನಿವೃತ್ತಿ ಐವತ್ತೆಂಟಕ್ಕೆ. ಜೂನ್ 1ರವರು ಮೇ 31ಕ್ಕೇ ಮನೆಗೆ. ಒಂದನೇ ತಾರೀಖಿಗೆ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಇವರು ಕೆಲಸ ಬಿಟ್ಟದ್ದು 2005ರ ಅಕ್ಟೋಬರ್ 31ಕ್ಕೆ. ‘ಮಾಸ್ತರ ಕಡೆ ಹೆಸರು ಹಚ್ಚಿದ ನನ್ನ ವಾರಿಗಿ ಮಂದಿ ಎಲ್ಲಾ ಮೇದಾಗ ಮನೀಗೆ ಬಂದ್ರು ನೋಡ್ರಿ. ಅಕ್ಕೋರು ನಮ್ಮವ್ವಗ ಒಂದ ಪ್ರಶ್ನಿ ಕೇಳಿದ್ದಕ್ಕ ನನಗ ಐದ ತಿಂಗಳ ಪಗಾರ’ ಎಂದು ನಕ್ಕರು.

ಇಂಥದ್ದು ಮನೆಮಂದಿಗೆ ಗೊತ್ತಿರುವುದಿಲ್ಲ. ಮೊಮ್ಮಕ್ಕಳಾದ ನಮಗೆ ಗೊತ್ತಿದ್ದದ್ದು ಬೇರೆ ಅಮ್ಮ. ರಾತ್ರಿ ಶೇಂಗಾ ಒಡೆಯಲು ಕೂತರೆ ಮುಕ್ಕಾಲಿನ ಮಗ್ಗಿ: ‘ಒಂದ ಮುಕ್ಕಾಲ ಮುಕ್ಕಾಲ, ಎರಡ ಮುಕ್ಕಾಲ ಒಂದೂವರಿ, ಮೂರ ಮುಕ್ಕಾಲ ಎರಡೂಕಾಲ, ನಾಕ ಮುಕ್ಕಾಲ ಮೂರು.’ ತಪ್ಪಿದವರ ಪಾಲಿನ ಬೆಲ್ಲ ಸರಿ ಹೇಳಿದವರಿಗೆ. ಸೆರಗಿನ ತುದಿಯ ಗಂಟಿನಲ್ಲಿ ಸೀಮೆಸುಣ್ಣದ ಚೂರು. ನಾನು ಅ ಆ ತಿದ್ದಿದ್ದು ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ, ಸರ್ಕಾರದ ಸೀಮೆಸುಣ್ಣದಲ್ಲಿ. (ಇದನ್ನು ಬರೆದಾಗ ನಮ್ಮ ಕಾಕಾನಿಗೂ ಸಿಟ್ಟು ಬಂದಿತ್ತು.)

ಇನ್ನೊಂದು ಸಂಗತಿ ಸಿಕ್ಕಿದ್ದು ಊರ ಕಿರಾಣಿ ಅಂಗಡಿಯಲ್ಲಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತಲ್ಲ, ಆಗ ಅಂಗಡಿಯವರೂ ಗಿರಾಕಿಗಳೂ ತಲೆ ಕೆಡಿಸಿಕೊಂಡರಂತೆ. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಮೂರು ಸಲ ಒಂದೊಂದಾಣೆ ಕೊಟ್ಟರೆ ಹದಿನೆಂಟು, ಒಟ್ಟಿಗೆ ಕೊಟ್ಟರೆ ಹತ್ತೊಂಬತ್ತು! ಆ ಒಂದು ಪೈಸೆ ಯಾರ ಕಿಸೆಗೆ ಹೋಗುತ್ತದೆಂದು ಜಗಳ. ಅಮ್ಮ ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಗೋಡೆಗೆ ಇದ್ದಿಲಿನಿಂದ ಕೋಷ್ಟಕ ಬರೆದು, ದೊಡ್ಡವರಿಗೆ ಪಾಠ ಹೇಳಿದರಂತೆ. ತಲೆಗೆ ಪಟಗಾ ಸುತ್ತಿದ ಗಂಡಸರು ಇಪ್ಪತ್ತೊಂದರ ಹುಡುಗಿಯ ಮುಂದೆ ಕೂತು ಮಗ್ಗಿ ಒಪ್ಪಿಸಿದ್ದನ್ನು ಕಂಡವರು ನನಗೆ ಅದನ್ನು ಅಭಿನಯಿಸಿ ತೋರಿಸಿದರು.

ಈಗ ಕೋಲಿನ ಮಾತು. ನಮ್ಮಮ್ಮನದು ಹುಣಸೆ ಬರಲು, ಹಸಿಯದು. ಎಡಗೈಯಲ್ಲಿ ಬರೆಯುತ್ತಿದ್ದ ಒಬ್ಬ ಹುಡುಗನಿಗೆ ಆ ಕೈಯ ಗೆಣ್ಣಿನ ಮೇಲೆಯೇ ಹೊಡೆದು ಬಲಗೈಗೆ ತಂದರಂತೆ. ಎಪ್ಪತ್ತು ದಾಟಿದ ಆತ ಹೇಳಿದ್ದು: ‘ಇವತ್ತೂ ಸಹಿ ಬಲಗೈಲೆ, ಕುಡುಗೋಲು ಎಡಗೈಲೆ. ಅಕ್ಕೋರು ಹೊಲಕ್ಕ ಬರಲಿಲ್ಲ ಅನ್ನೋದ ನನ್ನ ಪುಣ್ಯೇ.’ ಹೇಳುವಾಗ ನಗುತ್ತಿದ್ದರು, ಆದರೆ ಗೆಣ್ಣು ಸವರಿಕೊಳ್ಳುತ್ತಲೂ ಇದ್ದರು. ನಾನು ಎರಡನ್ನೂ ಬರೆದೆ. ಅದು ತಪ್ಪು, ಆಗ ಅದನ್ನು ತಪ್ಪೆಂದವರು ಯಾರೂ ಇರಲಿಲ್ಲ ಎಂದೂ ಸೇರಿಸಿದೆ. ಹೊಡೆತವನ್ನು ‘ಪ್ರೀತಿಯ ಪೆಟ್ಟು’ ಎಂದು ಸಿಂಗರಿಸಲು ಮಾತ್ರ ಹೋಗಬೇಡಿ. ಪೆಟ್ಟು ತಿಂದವರು ನಿಮ್ಮ ಪುಸ್ತಿಕೆ ಓದುತ್ತಾರೆ.

ದೊಡ್ಡಪ್ಪನ ಜೊತೆ ವಾದಕ್ಕಿಳಿಯಬೇಡಿ. ಅವರನ್ನೂ ಕರೆದುಕೊಂಡು ನಿಮ್ಮ ಅಜ್ಜಿ ಕಲಿಸಿದ ಊರಿಗೆ ಒಂದು ದಿನ ಹೋಗಿ ಬನ್ನಿ. ಹಳೇ ವಿದ್ಯಾರ್ಥಿಯೊಬ್ಬರು ಆ ಕೋಲಿನ ಕಥೆಯನ್ನು ಅವರ ಎದುರೇ ಹೇಳಲಿ. ಲೇಖನ ಬರೆಸಬೇಡಿ, ಪೆನ್ನು ಕೈಗೆ ಬಂದ ಕೂಡಲೇ ಎಲ್ಲರೂ ಭಾಷಣಕಾರರಾಗುತ್ತಾರೆ. ಮಾತಾಡಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ. ‘ಅಕ್ಕೋರು ಹೆಂಗಿದ್ರು?’ ಎಂದು ಕೇಳಿದರೆ ‘ದೇವರಂಥವರು’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ನಿಮಗೆ ಯಾವತ್ತು ಹೊಡೆದಿದ್ದರು, ಯಾಕೆ?’ ಎಂದು ಕೇಳಿ. ಚಹಾ ಆರುವ ತನಕ ಮಾತು ನಿಲ್ಲುವುದಿಲ್ಲ.

ರಿಜಿಸ್ಟರ್ ನೋಡಲು ಬಿಟ್ಟರೆ ನೋಡಿ, ಫೋಟೋ ತೆಗೆದು ಅಚ್ಚು ಹಾಕಬೇಡಿ. ಅದರಲ್ಲಿ ಬೇರೆಯವರ ಜಾತಿ, ತಂದೆಯ ಹೆಸರು ಎಲ್ಲ ಇರುತ್ತದೆ.

ಪ್ರಶ್ನೆ: ಅಜ್ಜಿಯ ಹೆಸರಿನಲ್ಲಿ ಅವರ ಶಾಲೆಯಲ್ಲಿ ದತ್ತಿ ಇಟ್ಟು, ಏಳನೇ ತರಗತಿಯಲ್ಲಿ ಮೊದಲು ಬಂದವರಿಗೆ ಬಹುಮಾನ ಕೊಡಬೇಕೆಂದಿದ್ದೇವೆ. ಹತ್ತು ಸಾವಿರ ಸಾಕೇ?
– ಓದುಗರೊಬ್ಬರು, ಗದಗ

ಉತ್ತರ: ಶೇಕಡಾ 7ರ ಬಡ್ಡಿ ಎಂದರೆ ವರ್ಷಕ್ಕೆ 700 ರೂಪಾಯಿ. ಈಗ ಒಂದು ಚೀಲ, ನಾಲ್ಕು ನೋಟ್‌ಬುಕ್ಕು ಬರಬಹುದು. 500 ರೂಪಾಯಿಯ ಹಳೇ ದತ್ತಿಗಳಿಗೆ ಇದೇ ಲೆಕ್ಕದಲ್ಲಿ ಬರುವುದು 35 ರೂಪಾಯಿ. ಕಂಪಾಸ್ ಪೆಟ್ಟಿಗೆಗೂ ಸಾಲದು, ಆದರೂ ವೇದಿಕೆಯ ಮೇಲೆ ದಾನಿಗಳ ಹೆಸರು ಓದುತ್ತಲೇ ಇರುತ್ತಾರೆ. ಮೊದಲು ಬಂದವರಿಗೆ ಬಹುಮಾನ ಕೊಡುವವರು ಬಹಳ ಮಂದಿ ಇದ್ದಾರೆ. ವರ್ಷದಲ್ಲಿ ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ಕೊಡಿ ಎಂಬುದು ನನ್ನ ಸಲಹೆ. ಹಾಜರಿ ಪುಸ್ತಕ ತೆಗೆದರೆ ಸಾಕು, ಯಾರೂ ತಕರಾರು ಮಾಡುವಂತಿಲ್ಲ. ಏನೇ ಮಾಡಿದರೂ ಮುಖ್ಯ ಗುರುಗಳನ್ನೂ ಎಸ್‌ಡಿಎಂಸಿಯವರನ್ನೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೊದಲು ಕೇಳಿ, ರಸೀದಿ ಪಡೆಯಿರಿ.

ಪ್ರಶ್ನೆ: ಟೀಚರ್ ಆಗಿದ್ದ ನಮ್ಮಜ್ಜಿಯ ಪ್ರಾಯದ ಕಾಲದ್ದು ಒಂದೇ ಫೋಟೋ ಇದೆ, ಶಾಲೆಯ ಗ್ರೂಪ್ ಫೋಟೋ. ಮುಖ ಗಂಟಿಕ್ಕಿದೆ. ಸ್ಟುಡಿಯೋದವರು ಅವರೊಬ್ಬರನ್ನೇ ಬೇರೆ ಮಾಡಿ, ನಗುವಂತೆ ತಿದ್ದಿ, ಹಿಂದೆ ನೀಲಿ ಬಣ್ಣ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಲೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಬೇಡ. ಬಿಸಿಲಿನಲ್ಲಿ ಅರವತ್ತು ಮಕ್ಕಳನ್ನು ಅಲುಗಾಡದಂತೆ ನಿಲ್ಲಿಸಿದವರ ಮುಖ ಗಂಟಿಕ್ಕದೆ ಇನ್ನೇನಾಗಬೇಕು! ಇಡೀ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿ. ಮುಂದಿನ ಸಾಲಿನ ನಡುವೆ ಒಂದು ಮಗು ಸ್ಲೇಟು ಹಿಡಿದು ಕೂತಿರಬಹುದು, ಅದರ ಮೇಲೆ ತರಗತಿ, ಇಸವಿ ಬರೆದಿರುತ್ತಾರೆ. ಅದನ್ನು ಓದಿಕೊಂಡು ಊರಿಗೆ ಹೋಗಿ, ಸ್ಲೇಟು ಹಿಡಿದವರು ಯಾರೆಂದು ಕೇಳಿ ನೋಡಿ.